ಹುಲಿಯನಿಗೆ ಏನಾಯ್ತು?

ಬೆಳಗ್ಗೆ ಏಳೂವರೆ. ರಾತ್ರಿಯಿಡೀ ನಾಟಕ ನೋಡಿ ಮನೆಗೆ ಬಂದಿದ್ದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಖಾಲಿ ಡಬ್ಬಿ, ಕಣ್ಣು ಕೆಂಡ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು.

"ಹುಲಿಯ ಹೊಳೆ ಪಾಲಾಗೋದನ್ನ ಹೇಗೆ ತೋರಿಸಿದ್ರೋ?"

"ಚೆನ್ನಾಗಿ ತೋರಿಸಿದ್ರು ಅಮ್ಮ."

"ಚೆನ್ನಾಗಿ ಅಂದ್ರೆ?"

"ಅಂದ್ರೆ... ಲೈಟಿಂಗ್ ಚೆನ್ನಾಗಿತ್ತು."

ಹಿಂದೆ ನಿಂತಿದ್ದ ಹೆಂಡತಿ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ನಾವು ನೋಡಿ ಬಂದದ್ದು 'ಮಲೆಗಳಲ್ಲಿ ಮದುಮಗಳು'. ಕುವೆಂಪು ಕಾದಂಬರಿ, 1967ರದ್ದು, ಏಳುನೂರು ಪುಟಕ್ಕೂ ಜಾಸ್ತಿ. ಅಮ್ಮ ತೀರ್ಥಹಳ್ಳಿ ಕಡೆಯವಳು, ಆ ಪುಸ್ತಕವನ್ನು ಪಂಚಾಂಗದ ಹಾಗೆ ಆಗಾಗ ತೆಗೆದು ನೋಡುತ್ತಾಳೆ. ನಾನು ಐದು ಸಲ ಶುರು ಮಾಡಿದ್ದೇನೆ. ಪ್ರತಿ ಸಲವೂ ನಲವತ್ತನೇ ಪುಟದ ಹತ್ತಿರ ಏನಾದರೂ ಅಡ್ಡ ಬರುತ್ತದೆ. ಹೆಚ್ಚಾಗಿ ನಿದ್ದೆ.

ಹಾಗಾಗಿ ಇದು ನಾಟಕವಾಗಿದೆ ಅಂದಾಗ ನನಗೆ ಒಳಗೊಳಗೇ ಖುಷಿ. ಓದುವ ಕೆಲಸ ತಪ್ಪಿತಲ್ಲ! 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿದಾಗ ರಜೆ ಸಿಗಲಿಲ್ಲ. 2013ರಲ್ಲಿ ಬೆಂಗಳೂರಿಗೇ ಬಂತು, ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ. ಟಿಕೆಟ್ ತಂದ ಮೇಲೆ ಗೊತ್ತಾಯಿತು, ನಾಟಕ ಒಂಬತ್ತು ಗಂಟೆ. ರಾತ್ರಿ ಊಟದ ಹೊತ್ತಿಗೆ ಶುರುವಾದರೆ ಮಂಗಳ ಹಾಡುವಾಗ ಹಾಲಿನವನು ಬಂದು ಹೋಗಿರುತ್ತಾನೆ. ಅಷ್ಟೇ ಅಲ್ಲ, ಬಯಲಿನಲ್ಲಿ ನಾಲ್ಕು ರಂಗಗಳು. ಒಂದು ಭಾಗ ಮುಗಿದರೆ ಪ್ರೇಕ್ಷಕರೇ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ರಂಗಕ್ಕೆ ಹೋಗಬೇಕು. ಕೆ.ವೈ. ನಾರಾಯಣಸ್ವಾಮಿ ಕಾದಂಬರಿಯನ್ನು ರಂಗಕ್ಕೆ ತಂದರು, ಹಂಸಲೇಖ ಸಂಗೀತ ಕೊಟ್ಟರು, ಸಿ. ಬಸವಲಿಂಗಯ್ಯ ಕಲಾವಿದರ ಜೊತೆ ನಮ್ಮನ್ನೂ ನಿರ್ದೇಶಿಸಿದರು ಅಂತ ನನ್ನ ಲೆಕ್ಕ.

ಅಮ್ಮನಿಗೆ ಮಂಡಿನೋವು. "ನೀವು ಹೋಗಿ ಬನ್ನಿ, ಬಂದು ಹೇಳಿ" ಅಂದಳು. ಆ 'ಬಂದು ಹೇಳಿ' ಎಂಬುದರ ತೂಕ ನನಗೆ ಆಗ ಗೊತ್ತಾಗಲಿಲ್ಲ.

ರಾತ್ರಿ ಎಚ್ಚರ ಇರಬೇಕು, ಮಧ್ಯಾಹ್ನ ಮಲಗಿ ಅಂತ ಆಫೀಸಿನ ಗೆಳೆಯರು ಹೇಳಿದ್ದರು. ಮಲಗಿದೆ. ಒಂದು ರೆಪ್ಪೆಯೂ ಅಂಟಲಿಲ್ಲ. ನನ್ನ ನಿದ್ದೆಯ ಸ್ವಭಾವವೇ ಹಾಗೆ, ಕರೆದಾಗ ಬರುವುದಿಲ್ಲ. ಸಂಜೆ ಪುಳಿಯೋಗರೆ ಕಟ್ಟಿಕೊಂಡೆವು. ಅಮ್ಮ ಅಟ್ಟದಿಂದ ತನ್ನ ತವರಿನ ಕರಿ ಕಂಬಳಿ ಇಳಿಸಿಕೊಟ್ಟಳು. ಅದರಲ್ಲಿ ನುಸಿಗುಳಿಗೆಯ ವಾಸನೆ ಎಷ್ಟಿತ್ತೆಂದರೆ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿಯಿತು.

ಬೇಗ ಹೋಗಿ ಮೊದಲ ರಂಗದ ಮುಂದಿನ ಸಾಲು ಹಿಡಿದೆವು. ಹಿಂದೆ ತಿರುಗಿ ನೋಡಿದರೆ ಜನವೋ ಜನ. ಪಾಪ, ದೂರ ಕೂತಿದ್ದಾರೆ ಅಂತ ಕನಿಕರಪಟ್ಟೆ. ಎರಡು ಗಂಟೆಯ ಮೇಲೆ ಎಲ್ಲರೂ ಎದ್ದು ಎರಡನೇ ರಂಗದ ಕಡೆ ಹೊರಟರು ನೋಡಿ, ಆಗ ತಿಳಿಯಿತು. ಹಿಂದೆ ಕೂತವರಿಗೆ ದಾರಿ ಹತ್ತಿರ! ಮುಂದಿನ ಸಾಲಿನವರು ಏಳುವಷ್ಟರಲ್ಲಿ ಅವರು ಅಲ್ಲಿ ಹೋಗಿ ಟವೆಲ್ ಹಾಸಿ ಆಗಿತ್ತು. ಕೆಎಸ್ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಬೆಳೆದ ಜನ ನಾವು. ಕತ್ತಲೆಯಲ್ಲಿ, ಮೊಬೈಲ್ ಬೆಳಕಿನಲ್ಲಿ, ಅರವತ್ತು ದಾಟಿದ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿ, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ ನನ್ನ ಪಕ್ಕದಲ್ಲೇ ಓಡಿ ಹೋದರು. ಆಕೆ ಎರಡನೇ ಸಲ ಬಂದವರು ಅಂತ ಶೂ ನೋಡಿಯೇ ಹೇಳಬಹುದಿತ್ತು.

ನಡುರಾತ್ರಿ ಕಳೆದ ಮೇಲೆ ಚಳಿ ಇಳಿಯಿತು. ನಾನು ಕಂಬಳಿಯನ್ನು ಅಮ್ಮ ತೋರಿಸಿಕೊಟ್ಟ ಹಾಗೆ ಕೊಪ್ಪೆ ಹಾಕಿ ತಲೆಯ ಮೇಲಿಂದ ಹೊದ್ದುಕೊಂಡೆ. ಟೀ ಕುಡಿದು ಬರೋಣ ಅಂತ ಹೊರಟರೆ ಜನ ದಾರಿ ಬಿಡತೊಡಗಿದರು! "ಏ, ಜಾಗ ಬಿಡ್ರೋ, ಆರ್ಟಿಸ್ಟು" ಎಂದಿತು ಒಂದು ದನಿ. ಒಬ್ಬ ಹುಡುಗ ಬಂದು ನನ್ನ ಜೊತೆ ಸೆಲ್ಫಿ ತೆಗೆದುಕೊಂಡ. "ಯಾವ ಪಾರ್ಟು ಸಾರ್?" ಅಂತ ಕೇಳಿದ. ಸುಮ್ನೆ ಇರಬಹುದಿತ್ತು. "ನಂದು ಮುಂದಿನ ರಂಗದಲ್ಲಿ ಬರುತ್ತೆ" ಅಂದೆ. ಟೀ ಅಂಗಡಿಯ ಸಾಲಿನಲ್ಲಿ ನನ್ನನ್ನು ಮುಂದಕ್ಕೆ ಬಿಟ್ಟರು. ಈ ಸುಳ್ಳಿನ ಫಲ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಮುಂದಿನ ರಂಗದಲ್ಲಿ ಆ ಹುಡುಗ ನನ್ನ ಹಿಂದಿನ ಸಾಲಿನಲ್ಲೇ ಬಂದು ಕೂತ. ನಾನು ಪ್ರೇಕ್ಷಕರ ನಡುವೆ ಕೂತಿರುವುದು ನಾಟಕದ ಒಂದು ತಂತ್ರ ಅಂತ ಅವನು ತಿಳಿದುಕೊಂಡಿರಬೇಕು. ನಾನು ಯಾವಾಗ ಎದ್ದು ಡೈಲಾಗ್ ಹೊಡೆಯುತ್ತೇನೆ ಅಂತ ಕಾಯುತ್ತಿದ್ದ. ಎದುರಿಗೆ ಐತ, ಪೀಂಚಲು, ಚಿನ್ನಮ್ಮ ಎಲ್ಲ ಬಂದು ಹೋಗುತ್ತಿದ್ದರೂ ಅವನ ಕಣ್ಣು ನನ್ನ ಬೆನ್ನ ಮೇಲೆ.

ಅವನ ಆಸೆ ತೀರಿತು. ರಂಗದ ಮೇಲೆ ಗಂಭೀರ ದೃಶ್ಯ, ಎಲ್ಲೆಡೆ ಪಿನ್ ಡ್ರಾಪ್ ಮೌನ. ಆಗ ನನ್ನ ಹಿಮ್ಮಡಿಗೆ ಏನೋ ತಣ್ಣಗೆ, ಒದ್ದೆಯಾಗಿ ಅಂಟಿತು. ಮಲೆನಾಡಿನ ಕಥೆಯೊಳಗೆ ನಾಲ್ಕು ಗಂಟೆ ಮುಳುಗಿದ್ದವನಿಗೆ ಹೊಳೆಯುವುದು ಒಂದೇ.

"ಅಯ್ಯಯ್ಯೋ, ಉಂಬಳ!"

ಉಂಬಳ ಅಂದರೆ ಮಲೆನಾಡಿನ ಜಿಗಣೆ. ಮಲ್ಲತ್ತಹಳ್ಳಿಯಲ್ಲಿ ಅದು ಎಲ್ಲಿಂದ ಬರಬೇಕು? ಬಗ್ಗಿ ನೋಡಿದರೆ ಕಂದು ಬಣ್ಣದ ಬೀದಿನಾಯಿ. ಬಲಗಿವಿ ನೆಟ್ಟಗೆ, ಎಡಗಿವಿ ಮಡಚಿದ್ದು. ಪುಳಿಯೋಗರೆ ಡಬ್ಬಿಯ ವಾಸನೆ ಹಿಡಿದು ಬಂದಿತ್ತು. ಮೂಗು ಒತ್ತಿ ಪರಿಚಯ ಮಾಡಿಕೊಂಡಿದೆ ಅಷ್ಟೇ. ನಟರು ನಡುಗಲೂ ಇಲ್ಲ, ದೃಶ್ಯ ಹಾಗೇ ಮುಂದುವರಿಯಿತು. ನಡುಗಿದ್ದು ನನ್ನ ಹೆಂಡತಿ, ಅದೂ ನಗು ತಡೆಯುವುದಕ್ಕೆ. ಹಿಂದಿನಿಂದ ಆ ಹುಡುಗ ತನ್ನ ಗೆಳೆಯನಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ನೋಡ್ದಾ? ಇದೇ ಅವ್ರ ಪಾರ್ಟು."

ನಾಯಿ ಅಲ್ಲೇ ಮಲಗಿತು. ಉಳಿದ ಪುಳಿಯೋಗರೆ ಅದಕ್ಕೇ ಹೋಯಿತು. ಕಡಲೆಬೀಜ ಒಂದೊಂದಾಗಿ ಆರಿಸಿ ತಿಂದು, ಒಣಮೆಣಸಿನಕಾಯಿ ಮಾತ್ರ ಡಬ್ಬಿಯ ಮೂಲೆಗೆ ತಳ್ಳಿಟ್ಟಿತ್ತು. ನಮ್ಮ ಮನೆಯಲ್ಲಿ ನಾನು ಮಾಡುವುದೂ ಹಾಗೆಯೇ.

ನಾಲ್ಕನೇ ರಂಗಕ್ಕೆ ಬಂದು ಕೂತದ್ದು ನೆನಪಿದೆ. ಕಂಬಳಿ ಬೆಚ್ಚಗಿತ್ತು. ಕಾಲ ಮೇಲೆ ನಾಯಿಯ ತಲೆ ಇನ್ನೂ ಬೆಚ್ಚಗಿತ್ತು. ಆಮೇಲೆ ನೆನಪಿರುವುದು ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದದ್ದು. ನಾನೂ ಎದ್ದೆ, ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಮೂಡಣ ಕೆಂಪಾಗಿತ್ತು. ಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು, ನಾನೂ ಒರೆಸಿಕೊಂಡೆ. ನನ್ನದು ಪಿಸುರು.

ಹುಲಿಯ ಅಂದರೆ ಕಾದಂಬರಿಯಲ್ಲಿ ಬರುವ ನಾಯಿಗುತ್ತಿ ಎಂಬವನ ನಾಯಿ. ಒಡೆಯನ ಹಿಂದೆ ಕಥೆಯುದ್ದಕ್ಕೂ ಕಾಡು ಗುಡ್ಡ ಸುತ್ತುವ ಆ ನಾಯಿ ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಇಷ್ಟೂ ನನಗೆ ಗೊತ್ತಾದದ್ದು ಅಮ್ಮನ ಪ್ರಶ್ನೆಗಳಿಂದ. ಒಂದು ವಾರ ಬಿಡಲಿಲ್ಲ. ನೀರು ಹೇಗೆ ತೋರಿಸಿದ್ರು? ಗುತ್ತಿ ಅತ್ತನಾ? ಹೆಂಡತಿಯನ್ನು ಕೇಳಿದರೆ "ನಿಮ್ಮ ಮಗನೂ ಪಕ್ಕದಲ್ಲೇ ಇದ್ರಲ್ಲ ಅತ್ತೆ, ಅವರೇ ಹೇಳ್ಲಿ" ಅನ್ನುತ್ತಿದ್ದಳು. ಆರನೇ ದಿನ ನಿಜ ಒಪ್ಪಿಕೊಂಡೆ. ಅಮ್ಮ ಬಯ್ಯಲಿಲ್ಲ. "ಲೈಟಿಂಗ್ ಚೆನ್ನಾಗಿತ್ತಂತೆ" ಎಂದು ತರಕಾರಿಯವನಿಗೂ ಹೇಳಿದಳು.

ಈ ಮಧ್ಯೆ ಅಮೆರಿಕದಲ್ಲಿರುವ ಹೆಂಡತಿಯ ತಮ್ಮ ಫೋನಿನಲ್ಲಿ ಕೊಚ್ಚಿಕೊಂಡ. ನ್ಯೂಯಾರ್ಕಿನಲ್ಲಿ ಆಗ ಒಂದು 'ಇಮ್ಮರ್ಸಿವ್' ನಾಟಕ ನಡೆಯುತ್ತಿತ್ತಂತೆ. ಪ್ರೇಕ್ಷಕರೆಲ್ಲ ಬಿಳಿ ಮುಖವಾಡ ಹಾಕಿ, ಒಂದು ಮಾತೂ ಆಡದೆ, ಮಹಡಿಯಿಂದ ಮಹಡಿಗೆ ಹತ್ತಿ ಇಳಿದು ನಟರ ಹಿಂದೆ ಓಡಬೇಕಿತ್ತಂತೆ. ಮ್ಯಾಕ್‌ಬೆತ್ ಕಥೆ. ಒಂದು ಸಲ ನೋಡಿದರೆ ಪೂರ್ತಿ ಸಿಗಲ್ಲ, ಅದಕ್ಕೇ ಜನ ಮತ್ತೆ ಮತ್ತೆ ಹೋಗ್ತಾರೆ ಅಂದ. "ಎಷ್ಟು ಹೊತ್ತು?" ಕೇಳಿದೆ. "ಮೂರು ಗಂಟೆ ಭಾವ." ನನಗೆ ನಗು ಬಂತು. ಮೂರು ಗಂಟೆಯಲ್ಲಿ ನಮ್ಮ ಎರಡನೇ ರಂಗಕ್ಕೆ ಟವೆಲ್ ಹಾಸಿರುತ್ತೇವೆ. ಅದು ಅಲ್ಲಿ ಶುರುವಾದದ್ದು 2011ರಲ್ಲಿ, ನಮ್ಮದು ಒಂದು ವರ್ಷ ಮೊದಲೇ ಮೈಸೂರಿನಲ್ಲಿ ಆಗಿತ್ತು ಅಂತಲೂ ಹೇಳಿ ಕಳಿಸಿದೆ. ಫೋನಿಟ್ಟ ಮೇಲೆ ಹೆಂಡತಿ ಆ ನಾಟಕದ ಹೆಸರು ಹೇಳಿದಳು. 'ಸ್ಲೀಪ್ ನೋ ಮೋರ್' ಅಂತೆ. ಇದನ್ನು ಅಕ್ಕ ತಮ್ಮ ಸೇರಿ ಮಾಡಿದ ಸಂಚು ಅಂತ ನಾನು ಈಗಲೂ ನಂಬಿದ್ದೇನೆ.

ಕೆಲವು ವರ್ಷ ಕಳೆದು ನಾಟಕ ಕಲಾಗ್ರಾಮಕ್ಕೆ ಮತ್ತೆ ಬಂತು. ಈ ಸಲ ಒಬ್ಬನೇ ಹೋದೆ. "ನಿಮ್ಮ ಗೊರಕೆಗೆ ಸಾಕ್ಷಿ ಆಗೋಕೆ ನಾನು ಬರಲ್ಲ" ಅಂದಿದ್ದಳು ಹೆಂಡತಿ. ನನ್ನ ಬಳಿ ಪಕ್ಕಾ ಯೋಜನೆ ಇತ್ತು. ಹಿಂದಿನ ಸಾಲಿನಲ್ಲಿ ಕೂರುವುದು, ಸ್ಪೋರ್ಟ್ಸ್ ಶೂ ಹಾಕುವುದು, ನೋಡಿಯಾಗಿರುವ ಮೊದಲ ಮೂರು ಭಾಗ ನಿದ್ದೆ ಮಾಡುವುದು, ನಾಲ್ಕನೆಯದಕ್ಕೆ ಎಚ್ಚರ ಇರುವುದು.

ನಿದ್ದೆ ಬರಬೇಕಲ್ಲ! ಹಿಂದೆ, ಎಡಗಡೆ ಮೂಲೆಯಲ್ಲಿ ಕೂತಿದ್ದೆ. ಹೋದ ಸಲ ಮುಂದೆ ಕೂತಾಗ ಕಾಣದ್ದೆಲ್ಲ ಇಲ್ಲಿಂದ ಕಾಣುತ್ತಿತ್ತು. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಮರದ ಕತ್ತಲೆಯಲ್ಲಿ, ಒಬ್ಬ ನಟ ಲಾಟೀನು ಹಿಡಿದು ತನ್ನ ಪ್ರವೇಶಕ್ಕೆ ಕಾಯುತ್ತಿದ್ದ. ಬೆಳಕು ಹೊರಗೆ ಕಾಣದಿರಲಿ ಅಂತ ಅಂಗೈ ಅಡ್ಡ ಹಿಡಿದಿದ್ದ, ಬೆರಳ ಸಂದಿಯಲ್ಲಿ ಕೆಂಪು. ಸೊಳ್ಳೆ ಕೆನ್ನೆಯ ಮೇಲೆ ಕೂತಿತು. ಹೊಡೆದರೆ ಸದ್ದಾಗುತ್ತದೆ. ಮುಖ ಸೊಟ್ಟ ಮಾಡಿ ಊದಿದ, ಹೋಗಲಿಲ್ಲ. ಭುಜಕ್ಕೆ ಕೆನ್ನೆ ಉಜ್ಜಿದ, ಹೋಗಲಿಲ್ಲ. ಅಷ್ಟರಲ್ಲಿ ಹಾಡು ಬಂತು. ಸೊಳ್ಳೆಯನ್ನು ಕೂರಿಸಿಕೊಂಡೇ ಬೆಳಕಿಗೆ ನಡೆದ. ಎರಡೇ ಹೆಜ್ಜೆ, ಅವನ ನಡಿಗೆಯೇ ಬೇರೆ ಆಯಿತು. ಬೆನ್ನು ಬಾಗಿತು, ಹತ್ತು ವರ್ಷ ಜಾಸ್ತಿ ಆದವು. ಇದನ್ನೆಲ್ಲ ಬಿಟ್ಟು ಮಲಗುವುದು ಹೇಗೆ? ಮೂರೂ ಭಾಗ ಕಣ್ಣು ಮುಚ್ಚಲಿಲ್ಲ.

ಅಲ್ಲಿಗೆ ನನ್ನ ಯೋಜನೆ ಕೆಟ್ಟಿತು.

ನಾಲ್ಕನೇ ರಂಗದಲ್ಲಿ ಪಕ್ಕಕ್ಕೆ ಒಬ್ಬ ತಾತ ಸಿಕ್ಕಿದರು. ಮಂಕಿ ಟೋಪಿ, ಫ್ಲಾಸ್ಕು, ಮಡಚುವ ಛತ್ರಿ. "ನಾಲ್ಕನೇ ಸಲ ಬರ್ತಿದ್ದೀನಿ ಸಾರ್. ಕೊನೆ ಇನ್ನೂ ನೋಡಿಲ್ಲ" ಅಂದರು. ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ನಿದ್ದೆಯ ವಿಷಯ ಬಂದಾಗ ಅವರು ಚೂರೂ ನಾಚಲಿಲ್ಲ. "ಬಯಲಾಟದಲ್ಲಿ ಮಲಗದೇ ಇರೋರು ಯಾರು ಸಾರ್? ನಾವು ಚಾಪೆ ಹಾಸ್ಕೊಂಡೇ ನೋಡ್ತಿದ್ದದ್ದು. ರಾಕ್ಷಸನ ವೇಷ ಬಂದ್ರೆ ಚಂಡೆ ಸದ್ದಿಗೆ ತಾನೇ ಎಚ್ಚರ ಆಗ್ತಿತ್ತು. ಇಲ್ಲಿ ನಾಯಿಗೆ ಯಾರು ಚಂಡೆ ಬಾರಿಸ್ತಾರೆ?" ಅಂದರು. ಹುಲಿಯನಿಗೋಸ್ಕರವೇ ಬಂದಿದ್ದರು ಅವರೂ.

ಕರಾರು ಮಾಡಿಕೊಂಡೆವು. ನಾನು ತೂಕಡಿಸಿದರೆ ಅವರು ಛತ್ರಿಯಲ್ಲಿ ತಿವಿಯಬೇಕು. ಅವರು ತೂಕಡಿಸಿದರೆ ನಾನು ಟೋಪಿ ಎಳೆಯಬೇಕು. ಫ್ಲಾಸ್ಕಿನ ಕಾಫಿ ಅರ್ಧ ಅರ್ಧ. ಇಷ್ಟು ಭದ್ರವಾದ ಏರ್ಪಾಡಿನ ಮೇಲೆ ಇಬ್ಬರಿಗೂ ಎಂಥ ನಂಬಿಕೆ ಬಂತೆಂದರೆ, ಇಬ್ಬರೂ ನಿಶ್ಚಿಂತೆಯಿಂದ ನಿದ್ದೆ ಹೋದೆವು.

ಎಬ್ಬಿಸಿದ್ದು ತಣ್ಣನೆಯ, ಒದ್ದೆಯಾದ ಒಂದು ಮೂಗು. ಕಣ್ಣು ಬಿಟ್ಟರೆ ಕಂದು ನಾಯಿ. ಬಲಗಿವಿ ನೆಟ್ಟಗೆ, ಎಡಗಿವಿ ಮಡಚಿದ್ದು. ಮೂತಿಯ ಸುತ್ತ ಬೆಳ್ಳಗಾಗಿತ್ತು. ಸುತ್ತ ಚಪ್ಪಾಳೆ. ತಾತ ಎದ್ದು ನಿಂತು, ಮಂಕಿ ಟೋಪಿ ಸರಿಮಾಡಿಕೊಳ್ಳುತ್ತಾ "ಬಂತಾ ಸಾರ್?" ಅಂದರು. "ಬಂತು" ಅಂದೆ, ನಾಯಿಯನ್ನು ತೋರಿಸಿ.

ಮನೆಗೆ ಬಂದಾಗ ಏಳೂವರೆ. ಅಮ್ಮ ಬಾಗಿಲಲ್ಲೇ ಇದ್ದಳು. ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಒಳಗೆ ಹೋಗಿ ಪುಸ್ತಕ ತಂದಳು, ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ. ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕೂತು ಕೊನೆಯ ಪುಟಗಳನ್ನು ಗಟ್ಟಿಯಾಗಿ ಓದತೊಡಗಿದಳು. ನಾನು ಕಂಬಳಿ ತೆಗೆದು ನೆಟ್ಟಗೆ ಕೂತೆ. ಗುತ್ತಿ ಬಂದ, ತಿಮ್ಮಿ ಬಂದಳು, ಹೊಳೆ ತುಂಬಿ ಬಂತು. ನಿದ್ದೆ ಎಲ್ಲಿ ಹೋಯಿತೋ. ಹೆಂಡತಿಯೂ ಸೌಟು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

ಅಮ್ಮ ಥಟ್ಟನೆ ನಿಲ್ಲಿಸಿದಳು. ಎರಡು ಹಾಳೆ ಒಟ್ಟಿಗೆ ಮಗುಚಿದಳು.

"ಅಮ್ಮ, ಹುಲಿಯ?"

"ಅದನ್ನ ನಾನು ಓದಲ್ಲ ಕಣೋ. ಮದುವೆಗೆ ಮುಂಚೆ ಒಂದು ಸಲ ಓದಿದ್ದು ಅಷ್ಟೇ. ಆಮೇಲೆ ಆ ಜಾಗ ಬಂದ್ರೆ ಹೀಗೇ ದಾಟಿಸಿಬಿಡ್ತೀನಿ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಇಲ್ಲದಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ?"