ಮುಂದಿನ ಪ್ಲೇಸ್ಟೇಷನ್‌ಗೆ ಡಿಸ್ಕ್ ಡ್ರೈವ್ ಬೇಕೇ?

2025ರ ಅಕ್ಟೋಬರ್‌ನಲ್ಲಿ ಸೋನಿಯ ವಿಡಿಯೊ ಆಟದ ಯಂತ್ರ (ಕನ್ಸೋಲ್) ಪ್ಲೇಸ್ಟೇಷನ್‌ನ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ, ಚಿಪ್ ತಯಾರಿಸುವ ಎಎಂಡಿ ಕಂಪನಿಯ ಜೊತೆ ಸೇರಿ ರೂಪಿಸುತ್ತಿರುವ ಹೊಸ ಗ್ರಾಫಿಕ್ಸ್ ತಂತ್ರಗಳನ್ನು ವಿವರಿಸಿದರು. ಕೆಲವೇ ವರ್ಷಗಳಲ್ಲಿ ಬರಲಿರುವ ಕನ್ಸೋಲ್‌ನಲ್ಲಿ ಅವನ್ನು ಅಳವಡಿಸುವ ಉತ್ಸಾಹ ತಮಗಿದೆ ಎಂದರು. ಬೆಳಕಿನ ಕಿರಣಗಳ ಲೆಕ್ಕಾಚಾರದ ಬಗ್ಗೆ, ದತ್ತಾಂಶವನ್ನು ಹಿಂಡಿ ಚಿಕ್ಕದಾಗಿಸುವ ಬಗ್ಗೆ ಮಾತಾಯಿತು. ಡಿಸ್ಕ್ ಬಗ್ಗೆ ಒಂದು ಮಾತೂ ಬರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ಅಣ್ಣ, ಬೆಂಗಳೂರಿನಲ್ಲಿರುವ ತಮ್ಮ, ಇಬ್ಬರ ವಾದ ಶುರುವಾದದ್ದು ಅಲ್ಲಿಂದ.

ಪರ (ಅಣ್ಣ): ಬೇಕು, ಪೆಟ್ಟಿಗೆಯ ಒಳಗೇ ಬೇಕು

ಪ್ಲೇಸ್ಟೇಷನ್ ಹುಟ್ಟಿದ್ದೇ ಡಿಸ್ಕ್ ಡ್ರೈವ್‌ನ ನೆಪದಲ್ಲಿ. ನಿಂಟೆಂಡೋದ ಆಟದ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಸಿಡಿ ಓದುವ ಸಲಕರಣೆ ಮಾಡಿಕೊಡಲು ಸೋನಿ ಒಪ್ಪಿತ್ತು. 1991ರಲ್ಲಿ ನಿಂಟೆಂಡೋ ಕೈಕೊಟ್ಟು ಫಿಲಿಪ್ಸ್ ಜೊತೆ ಹೋಯಿತು. ಆ ಪೆಟ್ಟನ್ನು ನುಂಗಿಕೊಂಡು ಸುಮ್ಮನಿರದ ಸೋನಿಯ ಎಂಜಿನಿಯರ್ ಕೆನ್ ಕುತರಾಗಿ ಮತ್ತು ಅವರ ಸಂಗಡಿಗರು ತಮ್ಮದೇ ಯಂತ್ರ ಕಟ್ಟಿದರು. 1994ರ ಡಿಸೆಂಬರ್ 3ರಂದು ಅದು ಜಪಾನಿನ ಅಂಗಡಿಗಳಿಗೆ ಬಂತು. 2000ದಲ್ಲಿ ಬಂದ ಎರಡನೇ ಪ್ಲೇಸ್ಟೇಷನ್ (ಪಿಎಸ್2) ಎಷ್ಟೋ ಮನೆಗಳ ಮೊದಲ ಡಿವಿಡಿ ಪ್ಲೇಯರ್ ಆಯಿತು. 2006ರ ಪಿಎಸ್3, ಡಿವಿಡಿಗಿಂತ ಹೆಚ್ಚು ಹಿಡಿಸುವ ಬ್ಲೂ-ರೇ ಡಿಸ್ಕ್ ಗೆಲ್ಲಲು ನೆರವಾಯಿತು. ಈಗ ನೋಡಿ: 2024ರ ನವೆಂಬರ್‌ನಲ್ಲಿ ಪಿಎಸ್5 ಪ್ರೊ ಬಂದಾಗ ಅದರ ಬೆಲೆ 700 ಡಾಲರ್ ಇತ್ತು, ಡಿಸ್ಕ್ ಡ್ರೈವ್ ಬೇಕೆಂದರೆ ಇನ್ನೂ 80 ಡಾಲರ್ ಕೊಡಬೇಕಿತ್ತು. ಮುಂದೆ ಬರಲಿರುವ ಪಿಎಸ್6 ಕೂಡ ಇದೇ ಜಾಡು ಹಿಡಿಯುತ್ತದೆ ಎಂಬುದು ನನ್ನ ಊಹೆ. ಈ ಊಹೆ ಸುಳ್ಳಾಗಲಿ ಎಂದು ಮನಸಾರೆ ಬಯಸುತ್ತೇನೆ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ದೊಡ್ಡ ಆಟವೊಂದಕ್ಕೆ 4,999 ರೂಪಾಯಿ. ಡಿಸ್ಕ್ ಕೊಂಡು, ಒಂದು ತಿಂಗಳು ಆಡಿ ಮುಗಿಸಿ, ಶಿವಮೊಗ್ಗದ ಅಂಗಡಿಗೆ ಒಯ್ದರೆ 3,000 ರೂಪಾಯಿ ಕೈಗೆ ಬರುತ್ತದೆ. ಅಂಗಡಿಯವರು ಡಿಸ್ಕನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು, ಗೀರು ಇದೆಯೇ ಎಂದು ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಅವರು ತಲೆಯಾಡಿಸಿದರೆ ಮುಂದಿನ ಆಟಕ್ಕೆ ಅರ್ಧಕ್ಕಿಂತ ಹೆಚ್ಚು ದುಡ್ಡು ಅಲ್ಲೇ ಹುಟ್ಟಿತು. ವರ್ಷಕ್ಕೆ ನಾಲ್ಕೈದು ಆಟ ಆಡಲು ನನಗೆ ಸಾಧ್ಯವಾಗುತ್ತಿರುವುದು ಈ ತಿರುಗಾಟದಿಂದ. ಡೌನ್‌ಲೋಡ್ ಮಾಡಿದ ಆಟವನ್ನು ಯಾವ ಅಂಗಡಿಯವರು ಕೊಳ್ಳುತ್ತಾರೆ?

ಇನ್ನು ಮಳೆಗಾಲ. ಆಷಾಢದಲ್ಲಿ ಎಲ್ಲೋ ಮರ ಬಿದ್ದರೆ ಫೈಬರ್ ಲೈನ್ ವಾರಗಟ್ಟಲೆ ಸತ್ತಿರುತ್ತದೆ. ಆಗ ಉಳಿಯುವುದು ಮೊಬೈಲ್ ಮಾತ್ರ. ದಿನಕ್ಕೆ 2 ಜಿಬಿ ಸಿಗುವ ಪ್ಯಾಕ್‌ನಲ್ಲಿ 100 ಜಿಬಿಯ ಆಟ ಇಳಿಯಲು 50 ದಿನ ಬೇಕು, ಅದೂ ಮನೆಯವರು ಬೇರೆ ಯಾವುದಕ್ಕೂ ಫೋನ್ ಮುಟ್ಟದಿದ್ದರೆ. ಅದೇ 100 ಜಿಬಿ ಒಂದು ಬ್ಲೂ-ರೇ ಡಿಸ್ಕ್‌ನಲ್ಲಿ ಹಿಡಿಸುತ್ತದೆ. ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದರೆ ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿರುತ್ತದೆ. ಕರೆಂಟ್ ಒಂದಿದ್ದರೆ ಸಾಕು, ಆಟ ಶುರು.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆಟಗಳು ಕಣ್ಮರೆಯಾಗುವ ಬಗೆ. ಜಪಾನಿನ ಆಟ ನಿರ್ಮಾಪಕ ಹಿದೆಯೊ ಕೊಜಿಮಾ ಅವರ ‘ಪಿ.ಟಿ.’ 2014ರ ಆಗಸ್ಟ್‌ನಲ್ಲಿ ಪಿಎಸ್4ರ ಆನ್‌ಲೈನ್ ಅಂಗಡಿಗೆ ಬಂತು. ಒಂದೇ ಓಣಿಯಲ್ಲಿ ಸುತ್ತಿ ಸುತ್ತಿ ಹೆದರಿಸುವ ಪುಟ್ಟ ಆಟ. ಮುಂದಿನ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿದರು. ಡಿಸ್ಕ್ ಎಂದೂ ಇರಲಿಲ್ಲವಾದ್ದರಿಂದ, ಅಂದು ಇಳಿಸಿಕೊಂಡಿದ್ದ ಯಂತ್ರಗಳಲ್ಲಿ ಮಾತ್ರ ಅದಕ್ಕೆ ಜೀವ ಉಳಿಯಿತು. ನಿಂಟೆಂಡೋ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಗಳಲ್ಲಿ 2023ರ ಮಾರ್ಚ್‌ನಲ್ಲಿ ಮಾರಾಟ ನಿಲ್ಲಿಸಿತು. ಸೋನಿಯೇ 2021ರಲ್ಲಿ ಪಿಎಸ್3 ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾದ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿ, ಅಭಿಮಾನಿಗಳು ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು. ನಮ್ಮ ಕಪಾಟಿನಲ್ಲಿರುವ ಪಿಎಸ್1ರ ಕಪ್ಪು ತಳದ ಡಿಸ್ಕ್‌ಗಳಿಗೆ ಇಂಥ ಯಾರ ಮರ್ಜಿಯೂ ಬೇಕಿಲ್ಲ.

2013ರಲ್ಲಿ ಇದೇ ಸೋನಿ ಇದನ್ನು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು! ತನ್ನ ಆಟದ ಯಂತ್ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ, ಬಳಸಿದ ಆಟಗಳ ಮರುಮಾರಾಟಕ್ಕೆ ಕಟ್ಟುಪಾಡು ಹಾಕಲು ಮೈಕ್ರೋಸಾಫ್ಟ್ ಹೊರಟಾಗ, ಪಿಎಸ್4ರ ಆಟವನ್ನು ಹಂಚಿಕೊಳ್ಳುವುದು ಹೇಗೆ ಎಂದು ಸೋನಿ ಒಂದು ತುಣುಕು ವಿಡಿಯೊ ತೋರಿಸಿತು. ಸೋನಿಯ ಅಧಿಕಾರಿ ಶುಹೈ ಯೋಶಿದಾ ಪಕ್ಕದವರ ಕೈಗೆ ಡಿಸ್ಕ್ ಕೊಡುತ್ತಾರೆ, ಅವರು ಥ್ಯಾಂಕ್ಸ್ ಎನ್ನುತ್ತಾರೆ, ಮುಗಿಯಿತು. ಹತ್ತು ದಿನ ಕಳೆಯುವುದರೊಳಗೆ ಮೈಕ್ರೋಸಾಫ್ಟ್ ತನ್ನ ನಿಯಮ ಕೈಬಿಟ್ಟಿತು. ಅಂದು ಆ ವಿಡಿಯೊ ನೋಡಿ ನಂಬಿ ಪಿಎಸ್4 ಕೊಂಡವರಲ್ಲಿ ನಾನೂ ಒಬ್ಬ. ಪಿಎಸ್6ರಲ್ಲೂ ಅದೇ ಮಾತು ಉಳಿಯಬೇಕು.

ವಿರೋಧ (ತಮ್ಮ): ಬೇಡ, ಡಿಸ್ಕ್ ಈಗ ಬರೀ ಕೀಲಿಕೈ

ಅಣ್ಣ ಹೇಳಿದ ಆ ಕಪ್ಪು ಡಿಸ್ಕ್‌ಗಳ ಕಥೆಯಲ್ಲಿ ಒಂದು ಭಾಗ ಬಿಟ್ಟುಹೋಗಿದೆ. ಮಾವ ದುಬೈನಿಂದ ತಂದ ಪಿಎಸ್1 ಎರಡನೇ ವರ್ಷಕ್ಕೇ ಡಿಸ್ಕ್ ಓದಲು ತಿಣುಕತೊಡಗಿತು. ಲೇಸರ್ ಕೂರುವ ಪ್ಲಾಸ್ಟಿಕ್ ಹಳಿ ಸವೆದಿತ್ತು. ಯಂತ್ರವನ್ನು ತಲೆಕೆಳಗಾಗಿಸಿ ಇಟ್ಟರೆ ಓದುತ್ತಿತ್ತು, ಕೆಳಗೆ ಎರಡು ನೋಟ್‌ಬುಕ್ ಕೊಟ್ಟು ಹಾಗೇ ಆಡುತ್ತಿದ್ದೆವು. ಕೊನೆಗೆ ಅದೂ ನಿಂತಿತು. ಆ ಡಿಸ್ಕ್‌ಗಳು ಕಪಾಟಿನಲ್ಲಿವೆ, ನಿಜ. ಅವನ್ನು ಓದುವ ಯಂತ್ರ ನಮ್ಮ ಮನೆಯಲ್ಲಿ ಇಲ್ಲ.

ಕನ್ಸೋಲ್‌ನಲ್ಲಿ ತಿರುಗುವ, ಸವೆಯುವ ಭಾಗಗಳು ಫ್ಯಾನ್ ಬಿಟ್ಟರೆ ಡ್ರೈವ್ ಒಂದೇ. ಮೊದಲ ಪಿಎಸ್5ರಲ್ಲಿ ಡ್ರೈವ್‌ನ ಸರ್ಕ್ಯೂಟ್ ಬೋರ್ಡ್ ಮದರ್‌ಬೋರ್ಡ್‌ಗೆ ಗಂಟುಬಿದ್ದಿತ್ತು, ಇನ್ನೊಂದು ಯಂತ್ರದ ಡ್ರೈವ್ ತಂದು ಹಾಕಿದರೆ ಕೆಲಸ ಮಾಡುತ್ತಿರಲಿಲ್ಲ. 2023ರ ತೆಳು ಮಾದರಿಯಲ್ಲಿ ಡ್ರೈವ್ ಹೊರಗೆ ಬಂದದ್ದು ದೊಡ್ಡ ಉಪಕಾರ: ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ಅಣ್ಣನಂಥವರು ಅದನ್ನು ಕೊಳ್ಳಲಿ, ಸೋನಿ ಅದನ್ನು ಮಾರುತ್ತಲೇ ಇರಲಿ. ಆದರೆ ಪ್ಲೇಸ್ಟೇಷನ್‌ನ ಪೂರ್ಣ ಆಟಗಳಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಈಗ ಡೌನ್‌ಲೋಡ್ ಆಗಿಯೇ ಮಾರಾಟವಾಗುತ್ತಿವೆ. ಹಾಗೆ ಕೊಳ್ಳುವವರೆಲ್ಲರ ತಲೆಯ ಮೇಲೆ ಡ್ರೈವ್‌ನ ಖರ್ಚು ಏಕೆ? 2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಆ ಹತ್ತು ಸಾವಿರದಲ್ಲಿ ಹೊಸ ಆಟಗಳೇ ಎರಡು ಬರುತ್ತವೆ.

ಡಿಸ್ಕ್ ಕೈಯಲ್ಲಿದ್ದರೆ ಆಟ ನಮ್ಮದು ಎಂಬ ನಂಬಿಕೆ ನನಗೂ ಇತ್ತು. ‘ದ ಕ್ರೂ’ ಅದನ್ನು ಮುರಿಯಿತು. 2014ರ ಆ ಕಾರ್ ರೇಸ್ ಆಟದ ಡಿಸ್ಕನ್ನು ದುಡ್ಡು ಕೊಟ್ಟು ಕೊಂಡಿದ್ದೆ. 2024ರ ಮಾರ್ಚ್ 31ರಂದು ಅದರ ಸರ್ವರ್ ನಿಂತಿತು, ಒಬ್ಬನೇ ಕುಳಿತು ಆಡಲೂ ಆಗದಂತಾಯಿತು. ಡಿಸ್ಕ್ ಹೊಳೆಯುತ್ತದೆ, ಒಂದು ಗೀರೂ ಇಲ್ಲ. ಇವತ್ತಿನ ಯಾವ ಆಟವೂ ಡಿಸ್ಕ್‌ನಿಂದ ನೇರವಾಗಿ ಓಡುವುದಿಲ್ಲ. ಪಿಎಸ್5ರ ಒಳಗಿನ ಸಂಗ್ರಹ (ಎಸ್‌ಎಸ್‌ಡಿ) ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಯಾವ ಡಿಸ್ಕೂ ಅದರ ಹತ್ತಿರ ಸುಳಿಯಲಾರದು. ಹಾಗಾಗಿ ಆಟವೆಲ್ಲ ಒಳಗೆ ನಕಲಾಗುತ್ತದೆ, ಡಿಸ್ಕ್ ಬೀಗ ತೆರೆಯುವ ಕೆಲಸಕ್ಕಷ್ಟೇ ಉಳಿಯುತ್ತದೆ. ನಿಂಟೆಂಡೋದ ಯಂತ್ರ ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ಗಳಂತೂ ಇದನ್ನು ಬಾಯಿಬಿಟ್ಟೇ ಹೇಳುತ್ತವೆ: ಕಾರ್ಡಿನಲ್ಲಿ ಆಟವಿಲ್ಲ, ಬರೀ ಕೀಲಿ.

ಸಾಗರದ ಮಳೆಗಾಲಕ್ಕೆ ನನ್ನ ಬಳಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ಹಕ್ಕಿನ ಹೋರಾಟ ನಡೆಯಬೇಕಾದದ್ದು ನಾವು ಕೊಂಡ ಆಟಗಳಿರುವ ಆನ್‌ಲೈನ್ ಖಾತೆಯಲ್ಲಿ. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ, ಡೌನ್‌ಲೋಡ್ ಆಟವಾದರೆ ಕೊಳ್ಳುತ್ತಿರುವುದು ಪರವಾನಗಿ ಮಾತ್ರ ಎಂದು ಅಂಗಡಿ ಸ್ಪಷ್ಟವಾಗಿ ಹೇಳಲೇಬೇಕೆಂಬ ಕಾನೂನು ಜಾರಿಗೆ ಬಂದಿದೆ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಎರಡು ಗಂಟೆಯೊಳಗೆ ಆಡಿ ಹಿಡಿಸದಿದ್ದರೆ ಹಣ ವಾಪಸ್ಸು ಬರುತ್ತದೆ, ಪ್ಲೇಸ್ಟೇಷನ್‌ನಲ್ಲಿ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ಇಲ್ಲ. ನಿಂಟೆಂಡೋ 2025ರಿಂದ ಡೌನ್‌ಲೋಡ್ ಆಟವನ್ನು ಮನೆಯವರಿಗೆ ಎರಡು ವಾರ ಎರವಲು ಕೊಡುವ ಏರ್ಪಾಡು ಮಾಡಿದೆ. ಸೋನಿಗೆ ಇದು ಕಷ್ಟವೇ? ಪಿಎಸ್6 ಕೈಗೆ ಬಂದ ದಿನ ನಾನು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ನನ್ನ ಆಟವನ್ನು ಸಾಗರದಲ್ಲಿರುವ ಅಣ್ಣನಿಗೆ ಎರವಲು ಕಳಿಸುವ ಗುಂಡಿ ಇದೆಯೇ ಎಂದು ಹುಡುಕುತ್ತೇನೆ.