ಮೀಸೆಯ ಜಗಳದಲ್ಲಿ ಕೊಲೆಯ ಗುಟ್ಟು ರಟ್ಟು

ನಿನ್ನೆ ರಾತ್ರಿ ತಂಗಿಯ ಮಗಳು ಮೊದಲ ಬಾರಿಗೆ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಥೆಯ ಚಿತ್ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ನೋಡುತ್ತಿದ್ದಳು. ರೈಲು ಆಗಷ್ಟೇ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಇಬ್ಬರು ಹಿರಿಯರಿಗೆ, ಕಥೆಯ ಪತ್ತೇದಾರ ಪೊಯ್ರೊ ಪಾತ್ರಕ್ಕೆ ಯಾವ ನಟ ಸರಿ ಎಂದು ಜಗಳ ಹತ್ತಿಕೊಂಡಿತು. ವಾದದ ಭರದಲ್ಲಿ ಒಬ್ಬರು ಕೊಲೆಯ ಗುಟ್ಟನ್ನೇ ಹೇಳಿಬಿಟ್ಟರು! ಆ ಹುಡುಗಿಯ ಮುಖ ಬಾಡಿದ್ದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ಇನ್ನೆಷ್ಟು ವರ್ಷ ಇದೇ ರಗಳೆ? 1974ರ ಚಿತ್ರದ ಆಲ್ಬರ್ಟ್ ಫಿನ್ನಿಯೇ ನಿಜವಾದ ಪೊಯ್ರೊ ಎಂದು ಒಬ್ಬರು. ಕಿರುತೆರೆಯ ಡೇವಿಡ್ ಸೂಶೆಯನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಇನ್ನೊಬ್ಬರು. 2017ರ ಕೆನೆತ್ ಬ್ರಾನಾ ತೆರೆಗೆ ಬಂದರಂತೂ ಮುಗಿದೇ ಹೋಯಿತು. ಮೀಸೆ ಇಷ್ಟು ದೊಡ್ಡದೇಕೆ, ಪತ್ತೇದಾರ ಸೇತುವೆಯಲ್ಲಿ ಬೆನ್ನಟ್ಟಿ ಓಡುವುದೇಕೆ, 1934ರ ಕಾದಂಬರಿಯಲ್ಲಿ ಇದೆಲ್ಲ ಎಲ್ಲಿದೆ? ಮೀಸೆಯ ಅಳತೆ ಹಿಡಿಯುವ ಇವರಿಗೆ, ಕೊನೆಯಲ್ಲಿ ಆ ಬೆಲ್ಜಿಯನ್ ಪತ್ತೇದಾರನ ಕಣ್ಣಲ್ಲಿ ತುಂಬುವ ಸಂಕಟ ಕಾಣುವುದೇ ಇಲ್ಲವೇ? ಆ ದೃಶ್ಯವನ್ನು ಒಮ್ಮೆಯಾದರೂ ಮಾತಿಲ್ಲದೆ ನೋಡಿದ್ದಾರೆಯೇ? ಮೂವರೂ ನನಗೆ ಇಷ್ಟ ಎಂದರೆ ನನ್ನನ್ನೇ ಅಪರಾಧಿಯಂತೆ ನೋಡುತ್ತಾರೆ.

ಆ ಕಥೆಯನ್ನು ಏನೂ ತಿಳಿಯದೆ ನೋಡುವ ಬೆರಗು ಜೀವನದಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ಅವಳ ಪಾಲಿನದನ್ನು ಕಸಿದುಕೊಂಡರು. ಅವಳು ಅರ್ಧಕ್ಕೇ ಎದ್ದು ಹೋದಳು. ಇವರಿಗೆ ಅದು ಗೊತ್ತೇ ಆಗಲಿಲ್ಲ.