ತಿಪ್ಪಗೊಂಡನಹಳ್ಳಿ ಉಳಿಯಬೇಕಾದರೆ ಬೆಂಗಳೂರು ದುಡ್ಡು ಕೊಡಬೇಕು

ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದ ಸುತ್ತಲಿನ ಕಟ್ಟಡ ನಿಯಮ ಸಡಿಲ ಮಾಡಿ ಅನ್ನುವ ಕೂಗು ಆಗಾಗ ಏಳುತ್ತದೆ. ಸಡಿಲ ಮಾಡಲೇಬಾರದು ಅನ್ನುವವಳು ನಾನು. ಆದರೆ ನಮ್ಮಂಥವರು ಕೇಳಿಕೊಳ್ಳದ ಒಂದು ಪ್ರಶ್ನೆ ಇದೆ: ಈ ನಿಯಮದ ಭಾರ ಹೊರುವವರು ಯಾರು?

ನಂದಿಬೆಟ್ಟದ ಕಡೆಯಿಂದ ಅರ್ಕಾವತಿ, ಶಿವಗಂಗೆಯ ಕಡೆಯಿಂದ ಕುಮುದ್ವತಿ ಬಂದು ಸೇರುವ ಜಾಗದಲ್ಲಿ 1933ರಲ್ಲಿ ಈ ಅಣೆಕಟ್ಟು ಕಟ್ಟಿದರು. ಕಾವೇರಿ ನೀರು ಬರುವ ಮೊದಲು ಬೆಂಗಳೂರು ಕುಡಿದದ್ದು ಇಲ್ಲಿನ ಮತ್ತು ಹೆಸರಘಟ್ಟದ ನೀರನ್ನು. ಆಮೇಲೆ ಒಳಹರಿವು ಕಡಿಮೆಯಾಯಿತು, ಬಂದ ನೀರೂ ಕೊಳಕಾಯಿತು. 2012ರ ಹೊತ್ತಿಗೆ ಇಲ್ಲಿಂದ ನಗರಕ್ಕೆ ನೀರು ಕೊಡುವುದನ್ನೇ ನಿಲ್ಲಿಸಿದರು. ಈಗ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲೆತ್ತುತ್ತಿದ್ದೇವೆ. ಅದರ ಕರೆಂಟ್ ಬಿಲ್ ನೆನೆಸಿಕೊಂಡರೇ ಸಾಕು.

ಸರ್ಕಾರ ಕೈಕಟ್ಟಿ ಕೂತಿತ್ತು ಅಂತಲ್ಲ. 2003ರ ನವೆಂಬರ್‌ನಲ್ಲಿ ಜಲಾನಯನ ಪ್ರದೇಶವನ್ನು, ಅಂದರೆ ಮಳೆ ನೀರು ಹರಿದು ಜಲಾಶಯ ಸೇರುವ ನೆಲವನ್ನು, ನಾಲ್ಕು ವಲಯ ಮಾಡಿ ಅಧಿಸೂಚನೆ ಹೊರಡಿಸಿತು. ಜಲಾಶಯದ ಹತ್ತಿರ ಮತ್ತು ನದಿ ದಡದಲ್ಲಿ ಬಿಗಿ, ದೂರ ಹೋದಂತೆ ಸಡಿಲ. 2019ರಲ್ಲಿ ಅದನ್ನೂ ಸಡಿಲಿಸಿದರು. ನನಗೆ ಇದು ದೊಡ್ಡ ತಪ್ಪು ಅನ್ನಿಸುತ್ತದೆ. ದಡದಲ್ಲಿ ಒಮ್ಮೆ ಲೇಔಟ್ ಎದ್ದ ಮೇಲೆ ಅದನ್ನು ಕಿತ್ತು ಹಾಕುವವರು ಯಾರೂ ಇಲ್ಲ.

ಆದರೆ ದಡ ಕಾದರೆ ಮಾತ್ರ ಸಾಲದು. ಅರ್ಕಾವತಿ ಯಾಕೆ ಬತ್ತಿತು ಅಂತ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಅಧ್ಯಯನ ಮಾಡಿದ್ದಾರೆ. ಅವರ ಪ್ರಕಾರ ಮಳೆ ಕಡಿಮೆಯಾಗಿದ್ದು ಮುಖ್ಯ ಕಾರಣ ಅಲ್ಲ. ಬೋರ್‌ವೆಲ್‌ಗಳು ಅಂತರ್ಜಲವನ್ನು ಹೀರಿದವು, ನೀಲಗಿರಿ ತೋಪುಗಳು ಹೊಲಗಳನ್ನು ಆವರಿಸಿದವು. ಇವೆರಡೂ ನದಿ ದಡದಿಂದ ಮೈಲಿಗಟ್ಟಲೆ ದೂರದಲ್ಲಿ, ರೈತರ ಸ್ವಂತ ಜಮೀನಿನಲ್ಲಿ ಇರುವವು. ಅಲ್ಲಿಗೆ ಬರೀ ನಿಷೇಧ ಹೊತ್ತುಕೊಂಡು ಹೋದರೆ ಯಾರು ಕೇಳುತ್ತಾರೆ? ನೀಲಗಿರಿ ಹಾಕಿದರೆ ಕೂಲಿಯಾಳು ಬೇಡ, ಖರ್ಚು ಕಡಿಮೆ, ಕಡಿದಾಗ ಕೈಗೆ ಕಾಸು. ಮನೆಯಲ್ಲಿ ಬೇಸಾಯ ಮಾಡುವವರಿಲ್ಲದ ರೈತ ಅದನ್ನು ಬಿಟ್ಟು ರಾಗಿ ಹಾಕಲಿ ಅಂತ ನಾವು ಜಯನಗರದಲ್ಲಿ ಕೂತು ಹೇಳುವುದು ಸುಲಭ ಅಲ್ವಾ?

ನ್ಯೂಯಾರ್ಕ್ ನಗರಕ್ಕೂ ಇದೇ ಕಷ್ಟ ಬಂದಿತ್ತು. ತನಗೆ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಹಳ್ಳಿಗಳ ಮೇಲೆ ನಗರ ನಿಯಮ ಹೇರಲು ಹೊರಟಾಗ ಅಲ್ಲಿನ ರೈತರು ತಿರುಗಿ ಬಿದ್ದರು. ಕೊನೆಗೆ 1997ರಲ್ಲಿ ಒಪ್ಪಂದವಾಯಿತು. ನಿಯಮ ಉಳಿಯಿತು, ಜೊತೆಗೆ ನಗರದ ದುಡ್ಡೂ ಬಂತು. ಮಾರಲು ಒಪ್ಪಿದವರಿಂದ ಮಾತ್ರ ಜಮೀನು ಕೊಂಡರು. ಹಳ್ಳಿ ಮನೆಗಳ ಸೆಪ್ಟಿಕ್ ಟ್ಯಾಂಕ್ ಸರಿಪಡಿಸಲು, ಕೊಟ್ಟಿಗೆಯ ಗೊಬ್ಬರ ಹೊಳೆಗೆ ಹೋಗದಂತೆ ಮಾಡಲು ನಗರವೇ ಖರ್ಚು ಕೊಟ್ಟಿತು. ಭಾರೀ ಶುದ್ಧೀಕರಣ ಘಟಕ ಕಟ್ಟುವುದಕ್ಕಿಂತ ಇದೇ ಅಗ್ಗ ಅನ್ನುವುದು ಅವರ ಲೆಕ್ಕ.

ನಮ್ಮಲ್ಲೂ ಇದು ಆಗಲಿ. 2003ರ ವಲಯಗಳು ಮೊದಲಿದ್ದ ಹಾಗೆ ವಾಪಸ್ ಬರಲಿ. ಅದರ ಜೊತೆಗೇ ಬೆಂಗಳೂರಿನ ನೀರಿನ ಬಿಲ್‌ನಲ್ಲಿ ಒಂದು ಸಣ್ಣ ಮೊತ್ತ ಸೇರಲಿ. ಆ ದುಡ್ಡು ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರದ ಪಂಚಾಯಿತಿಗಳಿಗೆ ನೇರ ಹೋಗಲಿ: ನೀಲಗಿರಿ ಕಿತ್ತ ರೈತನಿಗೆ, ಕೆರೆ ಮತ್ತು ರಾಜಕಾಲುವೆ ಉಳಿಸಿದ ಊರಿಗೆ, ಊರಿನ ಚರಂಡಿ ನೀರು ಶುದ್ಧ ಮಾಡುವ ಘಟಕಕ್ಕೆ. ಬಿಲ್ ಹೆಚ್ಚಾಯಿತು ಅಂತ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಗಲಾಟೆ ಆಗುತ್ತದೆ, ಗೊತ್ತು. ನಾನು ಕೊಡಲು ತಯಾರಿದ್ದೇನೆ. ನೀವು?